ಹಾಜಿ ದೊಡ್ಡಪ್ಪನ ಉಪವಾಸ

ಕೊಲ್ಲಬೇಕಾದವನ ಮನೆಯಲ್ಲಿ ಏನನ್ನೂ ತಿನ್ನಬಾರದು. ಹಾಜಿ ದೊಡ್ಡಪ್ಪ ನನಗೆ ಕಲಿಸಿದ ಮೊದಲ ಪಾಠ ಇದು. ಚಾಕು ಹಿಡಿಯುವುದನ್ನು ಆಮೇಲೆ ಕಲಿಸಿದ.

ಹೇಳುವುದು ಸುಲಭ. ಆದರೆ ನದಿಗಳ ಊರಾದ ನಮ್ಮ ಬಂಜರ್‌ಮಾಸಿನ್‌ನಲ್ಲಿ ಯಾರ ಮನೆಯ ಮೆಟ್ಟಿಲು ಹತ್ತಿದರೂ ಮೊದಲು ತಟ್ಟೆ ಬರುತ್ತದೆ, ಮಾತು ಆಮೇಲೆ. ಮುಂದಿಟ್ಟಿದ್ದನ್ನು ಬೆರಳಿನಿಂದಲಾದರೂ ಮುಟ್ಟದೆ ಎದ್ದು ಹೋದರೆ ದಾರಿಯಲ್ಲಿ ಕೇಡು ಕಾದಿರುತ್ತದೆ. ದೋಣಿ ಮಗುಚುತ್ತದೆ, ಹಾವು ಕಚ್ಚುತ್ತದೆ, ಬೈಕು ಲಾರಿಯ ಕೆಳಗೆ ಹೋಗುತ್ತದೆ. ಹಸಿವಿಲ್ಲ ಅಂದರೆ ಬಿಡುವುದಿಲ್ಲ. ಹೊಟ್ಟೆನೋವು ಅಂದರೆ ಕಷಾಯ ಕಾಯಿಸಿ ತರುತ್ತಾರೆ. ಯಾರೂ ಎದುರಾಡದ ನೆಪ ಒಂದೇ, ಉಪವಾಸ.

ಮಾರ್ತಾಪುರದ ವಜ್ರದ ದಲ್ಲಾಳಿಯ ಮನೆಗೆ ಹೋದ ದಿನವೂ ನಾನು ಉಪವಾಸವಿದ್ದೆ. ಆತ ಮರ್ಯಾದಸ್ಥ. "ಅಯ್ಯೋ, ಉಪವಾಸ ಇರೋಳ ಮುಂದೆ ನಾನೊಬ್ನೇ ಚಹಾ ಕುಡಿಯೋದಾ?" ಎಂದು ತನ್ನ ಲೋಟವನ್ನೂ ಎತ್ತಿಕೊಂಡು ಒಳಗಿಡಲು ಹೋದ. ನಾನೂ ಹಿಂದೆಯೇ ಹೋದೆ. ಅದಾದ ಮೇಲೆ ಸುಮಾರು ದಿನ ನನಗೆ ಚಹಾ ಸೇರಲಿಲ್ಲ.

"ಉಪ್ಪು ತಿಂದ್ಮೇಲೆ ಕೈ ಏಳಲ್ಲ ಕಣೇ," ಎನ್ನುತ್ತಿದ್ದ ದೊಡ್ಡಪ್ಪ. "ಕೆಲಸ ಮುಗಿದ್ಮೇಲೂ ಅಷ್ಟೇ. ಸತ್ತವನ ಮನೆ ಅನ್ನ ನೀನು ಸಾಯೋ ತನಕ ಮುಟ್ಬಾರ್ದು." ಎರಡು ಸಲ ಹಜ್ ಮಾಡಿದವನು. ನದಿ ದಂಡೆಯಲ್ಲಿ ಮರದ ಅಡ್ಡೆ, ಮಸೀದಿಯ ಗೋಪುರಕ್ಕೆ ಬಳಿಸಿದ ಹಸಿರು ಬಣ್ಣ, ಊರೆಲ್ಲ ಒಳ್ಳೆಯ ಹೆಸರು. ಹೆಸರಿಗೆ ಅಡ್ಡ ಬಂದವರ ಮನೆಗೆ ಹೋಗಲು ನಾನಿದ್ದೆ.

ದೊಡ್ಡಪ್ಪ ಅಂತ ಕರೆಯುತ್ತಿದ್ದೆನಷ್ಟೇ, ರಕ್ತಸಂಬಂಧವಿಲ್ಲ; ನನ್ನ ಅಪ್ಪ ಆತನ ದೋಣಿ ನಡೆಸುತ್ತಿದ್ದ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಬಾರಿತೋ ನದಿಯಲ್ಲಿ ಹೆಣವಾಗಿ ಸಿಕ್ಕಿದ. ಜಾರಿ ಬಿದ್ದ ಅಂದರು ಎಲ್ಲರೂ. ನಾನು ಸ್ವಲ್ಪ ದೊಡ್ಡವಳಾದ ಮೇಲೆ ದೊಡ್ಡಪ್ಪ ನನ್ನೊಬ್ಬಳನ್ನೇ ಕೂರಿಸಿಕೊಂಡು ಹೇಳಿದ: ತಳ್ಳಿದವನು ಬುಸ್ರಾನಿ, ಅಪ್ಪನ ಜೊತೆ ದುಡಿಯುತ್ತಿದ್ದವನು, ಜಗಳವಾಡಿ ತಳ್ಳಿ ಸಂಪಿತ್ ಕಡೆಗೆ ಓಡಿಹೋದ. "ನಿಮ್ಮಮ್ಮಂಗೆ ಹೇಳ್ಬೇಡ, ತಡ್ಕೊಳಲ್ಲ ಅವಳು." ನನ್ನ ಶಾಲೆ ಫೀಸು ಕಟ್ಟಿದವನು ಆತ. ನನಗೆ ಟೈಫಾಯ್ಡ್ ಆದಾಗ ತನ್ನ ಮನೆಗೆ ಹೊತ್ತೊಯ್ದು, ಪಕ್ಕದಲ್ಲಿ ಕೂತು ಚಮಚದಲ್ಲಿ ಗಂಜಿ ಕುಡಿಸಿದವನು ಆತ. ನನಗೆ ಅವನೆಂದರೆ ಪ್ರಾಣ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಕೇಳುವುದು ಬೇಡ.

ಈ ವರ್ಷ ಬುಸ್ರಾನಿ ಊರಿಗೆ ಮರಳಿದ. "ಬಕ್ರೀದ್ ಮುಗೀಲಿ. ಅವನು ನಿನ್ನ ಪಾಲು," ಅಂದ ದೊಡ್ಡಪ್ಪ. ನಾನು ಚಾಕು ಮಸೆಯಲು ಕೂತೆ. ಅಲ್ಲಿಯವರೆಗೆ ಮಾಡಿದ್ದೆಲ್ಲ ಈ ಒಂದು ಕೆಲಸಕ್ಕೆ ತಾಲೀಮು ಅಂದುಕೊಂಡಿದ್ದೆ. ಆ ದಲ್ಲಾಳಿಗೆ ಹಾಗನ್ನಿಸಿರಲಿಕ್ಕಿಲ್ಲ.

ನನ್ನ ಅಮ್ಮನ ಹೆಸರು ಬರ್ಸಿಯಾ, ದೋಣಿಯಲ್ಲಿ ಹಳದಿ ಅನ್ನ ಮಾರುತ್ತಾಳೆ. ನಾನು ಮರದ ಅಡ್ಡೆಯಲ್ಲಿ ಲೆಕ್ಕ ಬರೆಯುತ್ತೇನೆ ಅಂತ ಅವಳಿಗೆ ಹೇಳಿದ್ದೆ. ಪ್ರತಿ ವರ್ಷ ಅಪ್ಪ ತೀರಿಕೊಂಡ ದಿನ ಮನೆಯಲ್ಲಿ ಪ್ರಾರ್ಥನೆ, ಊಟ. ಹಾಜಿ ದೊಡ್ಡಪ್ಪ ಒಂದು ವರ್ಷವೂ ತಪ್ಪಿಸಿದವನಲ್ಲ. ಈ ಸಲ ಮಾತ್ರ ಅಮ್ಮ ದಿನವನ್ನು ಮುಂದೆ ಹಾಕಿ ಬಕ್ರೀದಿನ ಮರುದಿನಕ್ಕೆ ಇಟ್ಟಳು. "ಹಬ್ಬದ ಮಾಂಸ ಬಂದಿರುತ್ತಲ್ಲ, ಖರ್ಚು ಕಮ್ಮಿ," ಅಂದಳು. ನನಗೂ ಸರಿಯೆನಿಸಿತು.

ಮಧ್ಯಾಹ್ನ ಗಂಡಸರೆಲ್ಲ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದರು. ಮಸೀದಿಯ ಇಮಾಮರ ಪಕ್ಕ ದೊಡ್ಡಪ್ಪ. ಆಗ ಬಾಗಿಲಲ್ಲಿ ಒಬ್ಬ ಬಡಕಲು ಮನುಷ್ಯ ಬಾಳೆಗೊನೆ ಹೊತ್ತು ನಿಂತ. "ಬಾ ಬುಸ್ರಾನಿ, ಒಳಗ್ ಬಾ," ಅಂದಳು ಅಮ್ಮ.

ನಾನು ಅವಳನ್ನು ಅಡುಗೆಮನೆಗೆ ಎಳೆದುಕೊಂಡು ಹೋದೆ. "ಅವನನ್ನ ಯಾಕಮ್ಮ ಕರ್ದೆ?"

"ಯಾಕೆ ಅಂದ್ರೆ? ನಿಮ್ಮಪ್ಪನ ಹೆಣ ಹುಡುಕಿ ತಂದೋನು ಅವನು. ನೀರಲ್ಲಿ ಮುಳುಗಿ ಮುಳುಗಿ ಒಂದು ಕಿವಿ ಹೋಗಿದೆ ಅವನಿಗೆ. ಹಿಡಿ, ತಟ್ಟೆ ತಗೊಂಡ್ ಹೋಗು."

ಕೊಂದವನೇ ಹುಡುಕಿ ತರುವುದೂ ಉಂಟು, ನನ್ನ ಕಸುಬಿನಲ್ಲಿ ಅದೇನೂ ಹೊಸದಲ್ಲ. ತಟ್ಟೆಗಳನ್ನು ಹೊತ್ತು ಬಂದೆ. ದೊಡ್ಡಪ್ಪ ಬುಸ್ರಾನಿಯನ್ನು ನೋಡಿದ, ಆಮೇಲೆ ನನ್ನನ್ನು ನೋಡಿ ಮಂಡಿಯ ಮೇಲೆ ಒಂದು ಬೆರಳೆತ್ತಿದ. ನಾಳೆ ಅಂತ. ನಾನು ತಲೆ ಆಡಿಸಿದೆ.

ಪ್ರಾರ್ಥನೆ ಮುಗಿಯಿತು. ಎಲ್ಲ ವರ್ಷಗಳ ಹಾಗೆ ದೊಡ್ಡಪ್ಪನ ಮುಂದೆ ಕೆಂಪು ಮಸಾಲೆಯ ಮಾಂಸ, ಅನ್ನದ ತಟ್ಟೆ ಇಟ್ಟೆ. ಎಲ್ಲ ವರ್ಷಗಳ ಹಾಗೆ ಆತ ಎದೆಯ ಮೇಲೆ ಕೈಯಿಟ್ಟು, "ನಂಗ್ ಬೇಡ ಮಗಳೇ, ನಾನಿವತ್ತು ಉಪವಾಸ," ಅಂದ.

ಇಮಾಮರ ಕೈಯಲ್ಲಿದ್ದ ತುತ್ತು ಬಾಯಿಯ ಹತ್ತಿರ ನಿಂತಿತು. "ಏನಂದ್ರಿ?"

ಗೋಡೆಯ ಕಡೆಯಿಂದ ಯಾರೋ ನಕ್ಕರು. "ಬಕ್ರೀದ್ ಮಾರನೇ ದಿನ ಉಪವಾಸಾನಾ? ಎರಡು ಹಜ್ ಮಾಡ್ದೋರು ನೀವೇ ಹಿಂಗಂದ್ರೆ ನಾವೇನ್ ಮಾಡೋಣ ಹಾಜಿ?"

ಹಬ್ಬದ ದಿನ ಮತ್ತು ಅದರ ಮುಂದಿನ ಮೂರು ದಿನ ಉಪವಾಸ ಮಾಡುವುದು ಪಾಪ. ನಮ್ಮಲ್ಲಿ ಮೂಗು ಒರೆಸಿಕೊಳ್ಳಲು ಬಾರದ ಮಕ್ಕಳಿಗೂ ಗೊತ್ತು. ಪೋಲೀಸರ ಮುಂದೆ, ಜಡ್ಜಿಯ ಮುಂದೆ ತಡವರಿಸದ ದೊಡ್ಡಪ್ಪ ಅವತ್ತು ತಡವರಿಸಿದ. "ಮರ್ತೇ ಹೋಯ್ತು ನೋಡಿ... ಅಭ್ಯಾಸ..."

"ಹೌದೌದು," ಅಂದರು ಇಮಾಮರು, ಪಾಪ, ಸಹಾಯ ಮಾಡಲು ಹೋಗಿ. "ಈ ಮನೇಲಿ ಯಾವಾಗ್ಲೂ ನಿಮ್ದು ಉಪವಾಸಾನೇ ಅಲ್ವಾ."

ನನ್ನ ಕೈ ಇನ್ನೂ ತಟ್ಟೆಯ ಅಂಚಿನ ಮೇಲಿತ್ತು. ಯಾವಾಗಲೂ. ಈ ಮನೆಯಲ್ಲಿ ಆತ ಒಂದು ಗುಟುಕು ನೀರು ಕುಡಿದದ್ದನ್ನೂ ನಾನು ಕಂಡಿರಲಿಲ್ಲ. ಹಬ್ಬಕ್ಕೆ ಊಟವೆಂದರೆ ಅವನ ಮನೆಯಲ್ಲೇ. ಸತ್ತವನ ಮನೆ ಅನ್ನ ಸಾಯೋ ತನಕ ಮುಟ್ಟಬಾರದು. ನಮ್ಮ ಮನೆಯ ಉಪ್ಪು ಆತ ತಿಂದಿಲ್ಲ, ನನ್ನನ್ನು ಮಾತ್ರ ತನ್ನ ಉಪ್ಪು ತಿನ್ನಿಸಿ ಬೆಳೆಸಿದ. ಮುದುಕ ಎರಡೂ ಕಡೆ ಭದ್ರ ಮಾಡಿಕೊಂಡಿದ್ದ.

ಅಮ್ಮ ಒಳಗಿನಿಂದ ಬಂದು ಅವನೆದುರು ಕೂತಳು. ತಟ್ಟೆಯನ್ನು ಇನ್ನಷ್ಟು ಹತ್ತಿರ ಸರಿಸಿದಳು. "ಉಪವಾಸ ಇಲ್ಲ ಅಂದ್ಮೇಲೆ ಊಟ ಮಾಡಿ ಹಾಜಿಯವ್ರೇ. ಅವರ ಹೆಸರಿನ ಅನ್ನ."

"ತಲೆ ಸುತ್ತುತ್ತಾ ಇದೆಯಮ್ಮಾ."

"ಹಂಗಾದ್ರೆ ಬರೀ ಮುಟ್ಟಿ ಏಳಿ," ಅಂದರು ಇಮಾಮರು. "ದೋಣೀಲಿ ಹೋಗೋರು."

ದೊಡ್ಡಪ್ಪ ಬಲಗೈಯನ್ನು ಲುಂಗಿಯೊಳಗೆ ಸೇರಿಸಿಕೊಂಡ. ಬೆಂಕಿ ಮುಟ್ಟಬೇಡ ಅಂತ ಬೈಸಿಕೊಂಡ ಮಗುವಿನ ಹಾಗೆ. ಅಮ್ಮನನ್ನು ನೋಡಲಿಲ್ಲ, ನನ್ನನ್ನು ನೋಡಿದ. "ಲೇಹಾ, ದೋಣಿ ತೆಗಿ," ಅಂದ.

ಮನೆಯ ಹಿಂದೆ ನದಿಗೆ ಚಾಚಿದ ಹಲಗೆ ಕಟ್ಟೆಯಲ್ಲಿ ನಾನು ದೋಣಿಯ ಹಗ್ಗ ಬಿಚ್ಚುತ್ತಿದ್ದಾಗ ಅಮ್ಮ ಬಂದು ಮಣಿಕಟ್ಟು ಹಿಡಿದಳು.

"ನಿಂಗೆ ಗೊತ್ತಿತ್ತಾ?" ಅಂದೆ.

"ಮೊದಲ್ನೇ ವರ್ಷ ಅವನು ನಮ್ಮನೆ ಅನ್ನ ಮುಟ್ದೇ ಇದ್ದಾಗ ಅನುಮಾನ. ಆಮೇಲೆ ವರ್ಷಾ ವರ್ಷಾ ನೋಡ್ತಾ ಬಂದೆ."

"ಒಂದ್ ಮಾತು ಹೇಳ್ಬಾರ್ದಿತ್ತಾ?"

"ನಂಬ್ತಿದ್ಯಾ ನೀನು? ಅವನ ಕೈಯಲ್ಲಿ ಗಂಜಿ ಕುಡ್ದೋಳು. ಕಣ್ಣಾರೆ ನೋಡ್ಲಿ ಅಂತಾನೇ ದಿನ ಮುಂದಕ್ಕೆ ಹಾಕ್ದೆ. ಬುಸ್ರಾನಿ ಬಂದಾಗಿಂದ ಚಾಕು ಮಸೀತಾ ಕೂತಿದ್ದೀಯ. ಲೆಕ್ಕ ಬರೆಯೋಕೆ ಚಾಕು ಯಾಕೆ ಬೇಕೇ?"

ನನ್ನ ಬಟ್ಟೆ ಒಗೆಯುವವಳು ಅವಳೇ. ಅವಳಿಗೆ ಏನೇನು ಗೊತ್ತಿರಬಹುದು ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ. ನಾಚಿಕೆಯಿಂದ ಕುಗ್ಗಿಹೋದೆ. "ಹಂಗಾದ್ರೆ ಇವತ್ತೇ ಮುಗಿಸ್ಬಿಡ್ತೀನಿ ಅವನನ್ನ," ಅಂದೆ.

"ಅವನ ಕೆಲ್ಸಕ್ಕೆ ಅಂತ ಅವನು ನಿನ್ನ ಕೊಲೆಗಾರ್ತಿ ಮಾಡ್ದ. ನನ್ನ ಕೆಲ್ಸಕ್ಕೆ ಅಂತ ನಾನೂ ಮಾಡ್ಲಾ? ನಂಗೆ ಅವನ ಹೆಣ ಬೇಡ. ಮಗಳು ಬೇಕು."

ದೊಡ್ಡಪ್ಪ ಬಂದ. ಅಮ್ಮ ಕೈ ಬಿಟ್ಟಳು.

ಆತ ಎಂದಿನಂತೆ ದೋಣಿಯ ಮುಂಭಾಗದಲ್ಲಿ ನನಗೆ ಬೆನ್ನು ಹಾಕಿ ಕೂತ. ಚಾಕು ನನ್ನ ಸೊಂಟದಲ್ಲಿತ್ತು. ಬಾರಿತೋ ನಡುವೆ ಬಂದಾಗ ಎಂಜಿನ್ ಆಫ್ ಮಾಡಿದೆ.

"ಇಲ್ಲೇನಾ?" ಅಂದ, ತಿರುಗಲಿಲ್ಲ.

"ಯಾಕೆ ಕೊಂದ್ರಿ?"

"ನನ್ನ ಕಳ್ಳ ಮರದ ವಿಷಯ ಹೇಳೋಕೆ ಪೋಲೀಸಿಗೆ ಹೋಗ್ತೀನಿ ಅಂದ ನಿಮ್ಮಪ್ಪ. ಬೇಡ ಅಂತ ಕೈ ಮುಗಿದೆ. ಕೇಳ್ಲಿಲ್ಲ."

"ಬುಸ್ರಾನಿ?"

"ಅವನು ನೋಡಿದ್ದ."

ಅಷ್ಟರಲ್ಲಿ ಹಾರ್ನ್ ಕೇಳಿಸಿತು. ಕಲ್ಲಿದ್ದಲು ತುಂಬಿದ ಬಾರ್ಜು ಹಡಗು, ಮನೆಗಿಂತ ಎತ್ತರ, ಹರಿವಿನ ಜೊತೆ ನಮ್ಮ ಮೇಲೆ ಬರುತ್ತಿತ್ತು. ಅದು ನಿಲ್ಲುವುದಿಲ್ಲ, ನಿಲ್ಲಿಸಲು ಆಗುವುದೂ ಇಲ್ಲ. ಜೀವಮಾನವೆಲ್ಲ ನದಿಯಲ್ಲಿ ಮರ ಸಾಗಿಸಿದ ದೊಡ್ಡಪ್ಪನಿಗೆ ಈಜು ಬಾರದು. ನಾನು ಚಾಕು ತೆಗೆಯುವ ಅಗತ್ಯವೇ ಇರಲಿಲ್ಲ. ಹಾರಿ ದಡಕ್ಕೆ ಈಜಿದ್ದರೆ ಸಾಕಿತ್ತು. ನಾನು ಕೊಂದೆ ಅಂತ ಯಾರೂ ಅನ್ನುತ್ತಿರಲಿಲ್ಲ, ನನ್ನನ್ನು ಬಿಟ್ಟರೆ. ಮತ್ತೆ ಅಮ್ಮ.

ಬಾರ್ಜಿನ ನೆರಳು ಅವನ ಬಿಳಿ ಟೋಪಿಯ ಮೇಲೆ ಬಿತ್ತು. ಆತ ತಲೆ ತಗ್ಗಿಸಿ ಪ್ರಾರ್ಥನೆ ಹೇಳಲು ಶುರುಮಾಡಿದ. ನನಗೆ ಮೈಯೆಲ್ಲ ಸಿಟ್ಟು. ಅಪ್ಪ ಸಾಯುವಾಗ ಅವನಿಗೆ ಇಷ್ಟು ಹೊತ್ತು ಕೊಟ್ಟಿದ್ದೆಯಾ ಮುದುಕಾ! ಬೈಯುತ್ತಲೇ ಎಂಜಿನ್ನಿನ ಹಗ್ಗ ಎಳೆದೆ. ಹತ್ತಲಿಲ್ಲ. ಮತ್ತೆ ಎಳೆದೆ. ಹತ್ತಿತು. ಬಾರ್ಜಿನ ಅಲೆ ಹೊಡೆದ ಹೊಡೆತಕ್ಕೆ ದೋಣಿ ಓರೆಯಾಗಿ, ಹಾಜಿ ದೊಡ್ಡಪ್ಪ ಉರುಳಿ ಬಂದು ನನ್ನ ಕಾಲನ್ನು ಎರಡೂ ಕೈಯಿಂದ ಅಪ್ಪಿಕೊಂಡ. ಅವನ ಮನೆಯ ಕಟ್ಟೆ ಬರುವವರೆಗೂ ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ.

ಕಟ್ಟೆ ಹತ್ತಿ ಒದ್ದೆ ಲುಂಗಿ ಹಿಂಡುತ್ತ, "ನಾಳೆ ಬರ್ತೀಯ?" ಅಂದ.

"ಇಲ್ಲ. ಬುಸ್ರಾನಿ ನೋಡಿದ್ದನ್ನ ಪೋಲೀಸಿಗೆ ಹೇಳ್ತಾನೆ. ನಾನೂ ಜೊತೇಲಿ ಹೋಗ್ತೀನಿ."

"ಹೋದ್ರೆ ನೀನೂ ಒಳಗೆ ಹೋಗ್ತೀಯ ಹುಚ್ಚಿ."

"ಗೊತ್ತು."

"ಅದಕ್ ಮುಂಚೆ ನಿನ್ನ ಮುಗಿಸೋಕೆ ಜನ ಕಳಿಸ್ಬೇಕಾಗತ್ತೆ ನಾನು."

"ಯಾರನ್ನ ಕಳಿಸ್ತೀರಾ ದೊಡ್ಡಪ್ಪ? ನಿಮಗಿರೋದು ನಾನೊಬ್ಳೇ."

ಆತ ಯೋಚಿಸಿದ. ಬೇರೆ ಹೆಸರು ಹೊಳೆಯಲಿಲ್ಲವೇನೋ, ಕಟ್ಟೆಯ ಮೇಲೆ ಹಾಗೇ ಕೂತುಬಿಟ್ಟ. ಅವನು ನನ್ನನ್ನು ಕರೆಯುತ್ತಾನೆ ಅಂತ ಸ್ವಲ್ಪ ಹೊತ್ತು ಕಾದೆ. ಕರೆದಿದ್ದರೆ ಏನು ಮಾಡುತ್ತಿದ್ದೆನೋ ನನಗೆ ಈಗಲೂ ಗೊತ್ತಿಲ್ಲ. ದೋಣಿ ತಿರುಗಿಸಿದೆ.

ನಮ್ಮ ಮನೆಯಲ್ಲಿ ಜನವೆಲ್ಲ ಹೋಗಿಯಾಗಿತ್ತು. ಬುಸ್ರಾನಿ ಒಬ್ಬ ಬಾಗಿಲ ಹತ್ತಿರ ಕೂತು ಚಾಪೆ ಸುತ್ತುತ್ತಿದ್ದ. ಅಮ್ಮ ಹಿಂದಿನ ಕಟ್ಟೆಯ ತುದಿಯಲ್ಲಿ ನಿಂತಿದ್ದಳು, ನಾನು ಹೋಗುವಾಗ ನಿಂತಿದ್ದ ಜಾಗದಲ್ಲೇ, ಕೈಯಲ್ಲಿ ತೊಳೆಯದ ಸೌಟು. ನನ್ನ ಕೈ ನೋಡಿದಳು, ಬಟ್ಟೆ ನೋಡಿದಳು.

"ಬಿಟ್ ಬಂದ್ಯಾ?"

"ಬಿಟ್ ಬಂದೆ."

"ಜೀವಂತ?"

"ಜೀವಂತ."

ಅಪ್ಪನನ್ನು ಮಣ್ಣು ಮಾಡಿದ ದಿನವೂ ಅಳದಿದ್ದ ನನ್ನ ಅಮ್ಮ ಅಲ್ಲೇ ಹಲಗೆಯ ಮೇಲೆ ಕುಸಿದು ಕೂತು ಗೊಳೋ ಎಂದು ಅತ್ತಳು. ನಾನು ಅವಳ ಕೈಯಿಂದ ಸೌಟು ತೆಗೆದುಕೊಂಡು ಪಾತ್ರೆ ತೊಳೆಯಲು ಕೂತೆ.