ವೈರು ಸಾಲದೆ ಹೋದ ದಿನ

ನಾನು ಒಂದು ಮೈಕು. ಈಗಿನವರ ಹಾಗೆ ಅಂಗಿಯ ಗುಂಡಿಗೆ ಸಿಕ್ಕಿಸಿಕೊಳ್ಳುವ ಮೈಕಲ್ಲ. ಕೈತುಂಬ ಹಿಡಿಯಬೇಕಾದ, ತಲೆಗೆ ಜಾಲರಿ ಟೊಪ್ಪಿಗೆ ಇಟ್ಟುಕೊಂಡ, ಹಿಂದೆ ಉದ್ದನೆಯ ವೈರು ಎಳೆದುಕೊಂಡು ಓಡಾಡುವ ಹಳೆಯ ಮೈಕು. ಎಲ್ಲೋ ದೂರದ ಕಾರ್ಖಾನೆಯಲ್ಲಿ ನನ್ನೊಳಗೊಂದು ತೆಳ್ಳನೆಯ ಪರದೆ ಇಟ್ಟು, ಅದಕ್ಕೆ ತಾಮ್ರದ ತಂತಿಯ ಸುರುಳಿ ಅಂಟಿಸಿ, ಅಯಸ್ಕಾಂತದ ಪಕ್ಕ ಕೂರಿಸಿದರು. ಅಷ್ಟೇ ನನ್ನ ಬಂಡವಾಳ. ಯಾರು ಬಾಯಿ ತೆರೆದರೂ ಆ ಪರದೆ ನಡುಗುತ್ತದೆ. ನೀವು ಅದನ್ನು ಮಾತು ಅನ್ನುತ್ತೀರಿ, ನನಗೆ ಅದು ಕಚಗುಳಿ.

ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಧೂಳು ತಿನ್ನುತ್ತಿದ್ದ ನನ್ನನ್ನು ಹುಸೇನಸಾಬರು ಕೊಂಡರು. ನೇಕಾರರ ಊರೊಂದರಲ್ಲಿ ಅವರದು ಮೈಕ್‌ಸೆಟ್ಟಿನ ಅಂಗಡಿ. ಪುಣ್ಯವಂತರು! ನನ್ನನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿಯೇ ಪೆಟ್ಟಿಗೆಗೆ ಹಾಕುತ್ತಿದ್ದರು. ಮದುವೆ, ಮುಂಜಿ, ಚುನಾವಣೆ, ಕಳೆದುಹೋದ ಎಮ್ಮೆಯ ಡಂಗುರ, ನಾನು ನೋಡದ ಸಭೆಯಿಲ್ಲ. ಎಲೆಯಡಿಕೆಯ ಬಾಯಿ, ಬೀಡಿಯ ಬಾಯಿ, ‘ಎರಡೇ ಮಾತು’ ಎಂದು ಶುರುಮಾಡಿ ಊಟದ ಹೊತ್ತು ಮೀರಿಸುವ ಬಾಯಿ, ಎಲ್ಲವನ್ನೂ ತಾಳಿಕೊಂಡೆ. ಒಂದು ಮಾತ್ರ ನಿಜ. ಅಷ್ಟು ವರ್ಷ ಆ ಊರಲ್ಲಿದ್ದರೂ ಅಲ್ಲಿನ ಹೆಂಗಸರ ಉಸಿರು ನನಗೆ ತಾಗಿರಲೇ ಇಲ್ಲ. ಅವರು ಸಭೆಯ ಹಿಂದೆ ಜಮಖಾನೆಯ ಮೇಲೆ ಕೂತು ಕೇಳುವವರು.

ಒಂದು ವರ್ಷ ಊರಿನ ಶಾಲೆಯಲ್ಲಿ ಮಕ್ಕಳ ವೃಂದಗಾನ ಇಟ್ಟುಕೊಂಡರು. ಹಾಡು ಕಲಿಸುವ ಪದ್ಮಾವತಿ ಅಕ್ಕಾರು ಮನೆಮನೆ ತಿರುಗಿ, ಹೆಂಗಸರು ಕಂಡಿಕೆ ಸುತ್ತುತ್ತ ಹಾಡುವ ಪದಗಳನ್ನು ಕಲೆಹಾಕಿ ಮಕ್ಕಳಿಗೆ ಕಲಿಸಿದ್ದರು. ಮಗ್ಗದ ಲಾಳಿಯೊಳಗೆ ಕೂರಿಸಲು ನೂಲಿನ ಸಣ್ಣ ಸುರುಳಿ, ಅಂದರೆ ಕಂಡಿಕೆ, ಬೇಕಲ್ಲ, ಅದನ್ನು ರಾಟಿಯಲ್ಲಿ ಸುತ್ತುವುದು ಮನೆಯ ಹೆಂಗಸರ ಕೆಲಸ. ಪ್ರತಿ ಪದಕ್ಕೂ ಮುಂಚೆ ಅದು ಯಾರ ಮನೆಯದು ಎಂದು ಸಭೆಗೆ ಪರಿಚಯ ಮಾಡಿಕೊಡಬೇಕು. ಆ ಕೆಲಸ ಆರನೆಯ ಇಯತ್ತೆಯ ಕಸ್ತೂರಿಯ ಪಾಲಿಗೆ ಬಂತು. ಎಂಥ ಹುಡುಗಿ ಅಂತೀರಿ! ನನ್ನನ್ನು ಹಿಡಿದ ಮೊದಲ ದಿನವೇ ತೀರ ಹತ್ತಿರವೂ ಇಲ್ಲ, ದೂರವೂ ಇಲ್ಲ ಎಂಬಷ್ಟಕ್ಕೆ ಬಾಯಿ ಇಟ್ಟಳು. ಎಂಎಲ್ಎಗಳಿಗೇ ಬರದ ವಿದ್ಯೆ ಅದು.

ಹೆಡ್ಮಾಸ್ತರು ಬರೆದುಕೊಟ್ಟ ಚೀಟಿಯಲ್ಲಿ ಮನೆಯ ಯಜಮಾನರ ಹೆಸರುಗಳಿದ್ದವು. ಆ ಊರಿನ ರೂಢಿಯೇ ಹಾಗೆ, ಮನೆ ಎಂದರೆ ಗಂಡಸಿನ ಹೆಸರು. ತಾಲೀಮಿನ ದಿನ ಕಸ್ತೂರಿ ಮೂರನೆಯ ಪದಕ್ಕೆ ಬಂದು ತಡೆದಳು.

“ಅಕ್ಕಾರ, ಇಲ್ಲಿ ‘ಈರಣ್ಣನವರ ಮನೆಯ ಪದ’ ಅಂತ ಐತಿ. ಈರಣ್ಣ ನಮ್ಮ ಅಜ್ಜ. ಪದ ಅಜ್ಜೀದ್ರಿ. ಅಜ್ಜ ಒಂದಿನಾನೂ ಹಾಡಿಲ್ಲ. ಆಕಿ ಹಾಡಿದ್ರ, ‘ಸುಮ್ನ ಕಂಡಿಕಿ ಸುತ್ತು’ ಅಂತ ಬೈತಾನ.”

“ಹೆಡ್ಮಾಸ್ತರು ಬರದಾರಲ್ಲವಾ. ಬರದಷ್ಟು ಓದು, ಸಾಕು,” ಅಂದರು ಅಕ್ಕಾರು. ಹಾಗಂದವರ ಮುಖವೂ ಸಣ್ಣಗಾಗಿತ್ತು.

ಕಸ್ತೂರಿ ಬರೆದಷ್ಟನ್ನೇ ಓದಿದಳು. ಆದರೆ ನನ್ನನ್ನು ಹಿಡಿದ ಹಿಡಿ ಬಿಗಿಯಾಯಿತು. ಈ ಹುಡುಗಿ ಸುಮ್ಮನೆ ಬಿಡುವವಳಲ್ಲ ಎಂದು ನನಗೆ ಆಗಲೇ ಗೊತ್ತಾಯಿತು.

ಕಾರ್ಯಕ್ರಮದ ಸಂಜೆ ಶಾಲೆಯ ಅಂಗಳ ಕಿಕ್ಕಿರಿದಿತ್ತು. ಮುಂದೆ ಕುರ್ಚಿಗಳಲ್ಲಿ ಯಜಮಾನರು, ಹಿಂದೆ ಜಮಖಾನೆಯ ಮೇಲೆ ಹೆಂಗಸರು. ಕಸ್ತೂರಿ ಮೊದಲ ಪದವನ್ನು ಪರಿಚಯಿಸಿದಳು. ಮಕ್ಕಳು ಹಾಡಿದರು. ಯಾರ ಮನೆಯ ಹೆಸರು ಹೇಳಿದ್ದಳೋ ಆ ಯಜಮಾನರು, ತಾವೇ ಗಂಟಲು ಹರಿದುಕೊಂಡು ಹಾಡಿದವರಂತೆ ಮೀಸೆ ತಿರುವಿದರು. ಎರಡನೆಯ ಪದಕ್ಕೂ ಅದೇ ಕಥೆ. ಪದ ಹೇಳಿಕೊಟ್ಟ ಹೆಂಗಸು ಹಿಂದೆಲ್ಲೋ ಸೆರಗು ಎಳೆದುಕೊಂಡು ಕೂತಿದ್ದಳು. ಅಡಿಗೆ ಮಾಡಿದವರು ಒಬ್ಬರು, ಉಂಡು ಬಾಯಿ ಒರೆಸಿಕೊಂಡವರು ಇನ್ನೊಬ್ಬರು!

ಮೂರನೆಯದು ಬಂತು. ಕಸ್ತೂರಿ ಚೀಟಿ ಮಡಚಿದಳು.

“ಮುಂದಿನ ಪದ ನಮ್ಮ ಅಜ್ಜೀದು. ನಮ್ಮ ಅಜ್ಜಿ ಹೆಸರು...”

ನಿಂತುಬಿಟ್ಟಳು. ನನ್ನ ಪರದೆಗೆ ಬರೀ ಉಸಿರು ತಾಗುತ್ತಿತ್ತು. ಅಯ್ಯೋ ಶಿವನೇ! ಹುಡುಗಿಗೆ ಅಜ್ಜಿಯ ಹೆಸರೇ ಗೊತ್ತಿಲ್ಲ! ಹೇಗೆ ಗೊತ್ತಿರಬೇಕು? ಅಜ್ಜ ಆಕೆಯನ್ನು ‘ಏ ಇಕಿ’ ಅನ್ನುತ್ತಿದ್ದ. ಓಣಿಯವರು ‘ಈರಣ್ಣನ ಮನಿಯಾಕಿ’ ಅನ್ನುತ್ತಿದ್ದರು. ಮೊಮ್ಮಕ್ಕಳಿಗೆ ಅಜ್ಜಿ ಅಂದರೆ ಅಜ್ಜಿ. ರೇಷನ್ ಕಾರ್ಡಿನಲ್ಲಿ ಇದ್ದೀತು, ಅದನ್ನು ಓದಿಕೊಂಡು ಯಾರು ಕೂರುತ್ತಾರೆ?

ಮುಂದಿನ ಸಾಲಿನಲ್ಲಿ ನಗು ಎದ್ದಿತು. ಹೆಡ್ಮಾಸ್ತರು “ಚೀಟಿ ಓದು, ಚೀಟಿ!” ಎಂದು ಕೈಬೀಸಿದರು. ಕಸ್ತೂರಿಯ ಅಂಗೈ ಬೆವತು ನನ್ನ ಮೈಯೆಲ್ಲ ಒದ್ದೆಯಾಯಿತು. ಈಗ ಅತ್ತುಬಿಡುತ್ತಾಳೆ ಅಂದುಕೊಂಡೆ. ಅಳಲಿಲ್ಲ ನೋಡಿ!

“ಅಜ್ಜೀ, ನಿನ್ನ ಹೆಸರೇನ?” ಎಂದು ನನ್ನ ಮೂಲಕ ಇಡೀ ಊರಿಗೆ ಕೇಳುವಂತೆ ಕೂಗಿ, ನನ್ನನ್ನು ಹಿಡಿದುಕೊಂಡೇ ವೇದಿಕೆ ಇಳಿದಳು.

ಹುಸೇನಸಾಬರು ಲಗುಬಗೆಯಿಂದ ಸುತ್ತಿಟ್ಟ ವೈರು ಬಿಡಿಸಿದರು. “ಹೋಗವಾ, ಹೋಗು, ಬಿಡ್ತೀನಿ,” ಅಂದರು. ಕುರ್ಚಿಗಳ ನಡುವೆ ದಾರಿಮಾಡಿಕೊಂಡು ನಾವು ಹೊರಟೆವು. ಯಜಮಾನರು ಕಾಲು ಮುದುರಿಕೊಂಡರು. ಇನ್ನೇನು ಜಮಖಾನೆ ಬಂತು ಅನ್ನುವಷ್ಟರಲ್ಲಿ ನನ್ನ ಬಾಲ ಜಗ್ಗಿತು. ವೈರು ಮುಗಿದುಹೋಗಿತ್ತು! ಜೀವಮಾನದಲ್ಲಿ ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ. ಅಜ್ಜಿ ಕೂತಿದ್ದು ಇನ್ನೂ ಆಚೆ, ಗೋಡೆಯ ಪಕ್ಕ.

ಕಸ್ತೂರಿ ಅಲ್ಲೇ ನಿಂತು ನನ್ನನ್ನು ಮುಂದಕ್ಕೆ ಚಾಚಿದಳು.

“ಏಳಬೇ,” ಎಂದು ಪಕ್ಕದಲ್ಲಿದ್ದವಳು ಅಜ್ಜಿಯ ಮೊಣಕೈ ತಿವಿದಳು. “ಕೂಸು ನಿಂತೈತಿ.”

ಅಜ್ಜಿ ಎದ್ದಳು. ಸೆರಗು ಸರಿಮಾಡಿಕೊಂಡಳು. ಎಲ್ಲರೂ ನೋಡುತ್ತಿದ್ದಂತೆ ನಡೆದು ಬಂದಳು. ಬರುಬರುತ್ತ ಆಕೆಯ ಬೆನ್ನು ನೆಟ್ಟಗಾದದ್ದನ್ನು ನಾನು ಕಂಡೆ. ಸುತ್ತಿ ಸುತ್ತಿ ನೂಲಿನ ಗೆರೆ ಬಿದ್ದ ಬೆರಳುಗಳಿಂದ ನನ್ನನ್ನು ಹಿಡಿದಳು.

“ನನ್ನ ಹೆಸರು ತುಳಜವ್ವ,” ಅಂದಳು. ಸ್ಪೀಕರಿನಿಂದ ತನ್ನದೇ ದನಿ ತಿರುಗಿ ಬಂದದ್ದು ಕೇಳಿ ಒಂದು ಗಳಿಗೆ ಬೆಚ್ಚಿದಳು. ಆಮೇಲೆ ಮುಂದುವರಿಸಿದಳು. “ಈ ಪದ ನನಗ ನಮ್ಮವ್ವ ಕಲಿಸಿದ್ದು. ಆಕಿ ಹೆಸರು ಸತ್ಯವ್ವ. ಆಕಿ ಹೆಸರೂ ಹೇಳವಾ, ಕಸ್ತೂರಿ.”

ಕಸ್ತೂರಿ ಹೇಳಿದಳು. ತುಳಜವ್ವನ ಪದ, ಸತ್ಯವ್ವನ ಪದ. ಮಕ್ಕಳು ಹಾಡಿದ್ದನ್ನು ಏನೆಂದು ಬಣ್ಣಿಸಲಿ! ಅಜ್ಜಿ ಕೂರಲು ಮರೆತು ನಿಂತೇ ಕೇಳಿದಳು. ಈರಣ್ಣಜ್ಜ ಕುರ್ಚಿಯನ್ನೇ ಹಿಂದಕ್ಕೆ ತಿರುಗಿಸಿಕೊಂಡು ಹೆಂಡತಿಯನ್ನು ನೋಡುತ್ತಿದ್ದ. ಪದ ಮುಗಿದಾಗ, “ಇಷ್ಟು ಚಲೋ ಪದ ಇತ್ತೇನ ಇದು? ಮಗ್ಗದ ಸಪ್ಪಳದಾಗ ನನಗ ಕೇಳೇ ಇದ್ದಿಲ್ಲ,” ಅಂದ.

“ಮಗ್ಗ ನಿಲ್ಲಿಸಿದ್ರ ಕೇಳತಿತ್ತು,” ಎಂದು ಜಮಖಾನೆಯಿಂದ ಯಾರೋ ಅಂದರು. ಹೆಂಗಸರ ನಗು ಅಂಗಳ ತುಂಬಿತು.

ಅಲ್ಲಿಂದ ಮುಂದೆ ಯಾರು ತಡೆದಾರು? ಉಳಿದ ಪದಗಳ ಒಡತಿಯರು ಒಬ್ಬೊಬ್ಬರಾಗಿ ವೈರು ಮುಗಿದ ಜಾಗಕ್ಕೇ ನಡೆದು ಬಂದರು. ನೀಲವ್ವ, ಮಲಕವ್ವ, ದ್ಯಾಮವ್ವ. ಮೊದಲ ಎರಡು ಪದದವರೂ “ನಮ್ಮದೂ ಹೇಳ್ರಿ” ಎಂದು ಜಗಳ ತೆಗೆದು ಬಂದರು. ಪದ್ಮಾವತಿ ಅಕ್ಕಾರು ಹಾರ್ಮೋನಿಯಂ ಮೇಲೆ ಕೈಯಿಟ್ಟು ಅಳುತ್ತ ನಗುತ್ತಿದ್ದರು. ಹೆಡ್ಮಾಸ್ತರು ತಾವೇ ಚಪ್ಪಾಳೆ ತಟ್ಟಿದರು, ಪಾಪ, ಇನ್ನೇನು ಮಾಡಿಯಾರು!

ಎಷ್ಟೋ ವರ್ಷಗಳ ಮೇಲೆ ಹುಸೇನಸಾಬರು ಅಂಗಡಿಯನ್ನೇ ಮುಚ್ಚುವಾಗ ನನ್ನನ್ನು ಆ ಶಾಲೆಗೇ ಕೊಟ್ಟರು. ಈಗ ಕಪಾಟಿನಲ್ಲಿ ಹಳೆಯ ಹಾರ್ಮೋನಿಯಂ ಪಕ್ಕ ಮಲಗಿದ್ದೇನೆ. ಜಾಲರಿಗೆ ತುಕ್ಕು ಹಿಡಿದಿದೆ, ದನಿ ಕಟ್ಟಿದೆ. ವೈರಿಲ್ಲದ ಹೊಸ ಮೈಕು ಬಂದಿದೆ, ಎಲ್ಲಿಗೆ ಬೇಕಾದರೂ ಹೋಗುತ್ತದಂತೆ. ಹೋಗಲಿ, ಒಳ್ಳೆಯದೇ. ಈಗಲೂ ವರ್ಷಕ್ಕೊಮ್ಮೆ ಮಕ್ಕಳು ಹಾಡಿಗೆ ಮುಂಚೆ ಅಜ್ಜಿಯರ ಹೆಸರು ಹೇಳುವುದು ಕಪಾಟಿನ ಸಂದಿಯಿಂದ ನನಗೆ ಕೇಳಿಸುತ್ತದೆ.

ಬಹಳ ದಿನ ಆ ಸಂಜೆಯನ್ನು ನೆನೆದು ನಾಚುತ್ತಿದ್ದೆ. ಇನ್ನೊಂದಿಷ್ಟು ವೈರಿದ್ದರೆ ಅಜ್ಜಿಯ ಬಾಯಿಯವರೆಗೂ ಹೋಗುತ್ತಿದ್ದೆನಲ್ಲ ಎಂದು ಕೊರಗುತ್ತಿದ್ದೆ. ಈಗ ಅನ್ನಿಸುತ್ತದೆ, ಹೋಗಿದ್ದರೆ ತುಳಜವ್ವ ಕೂತಲ್ಲೇ ಸೆರಗಿನೊಳಗೆ ಏನೋ ಗೊಣಗಿ ಮುಗಿಸುತ್ತಿದ್ದಳು. ನಾನು ಸಾಲದೆ ಹೋದೆ. ಆಕೆ ಎದ್ದು ಬಂದಳು.