ಬಾಳವ್ವನ ಹೆಬ್ಬೆಟ್ಟು

ಗಿರಣಿಯ ಕಟ್ಟೆಯ ಮೇಲೆ ಬೆಳಗಾದರೆ ಡಬ್ಬಿಗಳ ಸಾಲು. ತಗಡಿನವು, ಹಿತ್ತಾಳೆಯವು, ಮುಚ್ಚಳ ಕಳೆದುಹೋಗಿ ಬಾಯಿಗೆ ಬಟ್ಟೆ ಕಟ್ಟಿಸಿಕೊಂಡವು. ನಮ್ಮೂರಲ್ಲಿ ಡಬ್ಬಿ ಇಟ್ಟರೆ ಆಳು ನಿಂತ ಹಾಗೆಯೇ ಲೆಕ್ಕ. ಹೆಂಗಸರು ಜೋಳದ ಡಬ್ಬಿಯನ್ನು ಪಾಳಿಗೆ ಬಿಟ್ಟು ಹೊಳೆಗೆ ಹೋಗಿ ಬಟ್ಟೆ ಒಗೆದುಕೊಂಡು ಬರುತ್ತಿದ್ದರು. ಅಷ್ಟರಲ್ಲಿ ಯಾರೂ ಯಾರ ಡಬ್ಬಿಯನ್ನೂ ಮುಟ್ಟುತ್ತಿರಲಿಲ್ಲ. ಗಿರಣಿ ನನ್ನದು. ಆ ಪಾಳಿ ಕಾಯುವುದೂ ನನ್ನದೇ ಕೆಲಸವಾಗಿತ್ತು. ಅದನ್ನು ಮುರಿದವನೂ ನಾನೇ.

ಹೊಳೆಯ ಆಚೆ ದಂಡೆ ಸಾಮ್ರಾಜ್ಯದ್ದು. ಈಚೆ ದಂಡೆಯೂ ನನ್ನ ಮುತ್ತಜ್ಜನ ಕಾಲದಿಂದ ಅವರದೇ ಆಗಿತ್ತು. ನಾನು ಹೇಳುತ್ತಿರುವ ಸಂಗತಿ ನಡೆಯುವುದಕ್ಕೆ ಆರು ವರ್ಷ ಮೊದಲು ಅವರು ತಮ್ಮ ನಿಶಾನೆ ಇಳಿಸಿ, ಸೇತುವೆ ದಾಟಿ ಹೋದರು. ನಮ್ಮದು ಸ್ವತಂತ್ರ ದೇಶವಾಯಿತು. ನಾವು ಕುಣಿದೆವು, ಸಕ್ಕರೆ ಹಂಚಿದೆವು. ಆದರೆ ಅವರು ಹೋದವರು ದೂರವೇನೂ ಹೋಗಲಿಲ್ಲ. ಆಚೆ ದಂಡೆಯಲ್ಲಿ ಕಚೇರಿ ಹಾಕಿಕೊಂಡು, ಹಿಂದೆ ತಮ್ಮ ಚಾಕರಿ ಮಾಡಿದವರಿಗೂ ಅವರ ಮನೆಯವರಿಗೂ ನೀಲಿ ಅಂಚಿನ ಗುರುತಿನ ಚೀಟಿ ಕೊಡತೊಡಗಿದರು. ಚೀಟಿ ಇದ್ದವರಿಗೆ ತಿಂಗಳಿಗೊಂದು ಚೀಲ ಗೋಧಿ, ಅವರ ದವಾಖಾನೆಯಲ್ಲಿ ಔಷಧಿ. ನಮ್ಮ ಹೊಸ ಸರ್ಕಾರಕ್ಕೆ ಊರಿಗೊಬ್ಬ ಡಾಕ್ಟರನ್ನು ಕಳಿಸುವುದೂ ಆಗಿರಲಿಲ್ಲ. ಜನ ಚೀಟಿ ತೆಗೆದುಕೊಂಡರು. ಈಗ ಅವರದು ತಪ್ಪೆಂದು ನನಗೆ ಅನ್ನಿಸುವುದಿಲ್ಲ. ಆಗ ಮಾತ್ರ ಮೈ ಉರಿಯುತ್ತಿತ್ತು.

ಬಿಡುಗಡೆಯ ಒಪ್ಪಂದದಲ್ಲಿ ಒಂದು ಮಾತು ಸೇರಿಸಿದ್ದರು. ಮುಂದೆ ಅವರ ಚೀಟಿ ಪಡೆಯುವವರಿಗೆ ನಮ್ಮವರಿಂದ ಪೆಟ್ಟಾದರೆ ಅವರ ಅಧಿಕಾರಿ ಬಂದು ವಿಚಾರಿಸಬಹುದು. ಪೆಟ್ಟು ತಿಂದವರು ಹೇಳಿಕೆಗೆ ಹೆಬ್ಬೆಟ್ಟು ಒತ್ತಿದರೆ ಅವರ ರಕ್ಷಣೆಗೆ ಸೈನ್ಯ ಬರಬಹುದು. ನಮ್ಮ ಹಿರಿಯರು ನಿಶಾನೆಯ ಸಂಭ್ರಮದಲ್ಲಿ ಅದಕ್ಕೂ ಸಹಿ ಹಾಕಿಬಿಟ್ಟಿದ್ದರು. ಅದರ ಅರ್ಥ ನಮಗೆ ಆದದ್ದು ಹೊಳೆಯ ಮೇಲ್ಗಡೆಯ ಊರಿನಲ್ಲಿ. ಅಲ್ಲಿ ಸಂತೆಯ ಜಗಳದಲ್ಲಿ ಚೀಟಿ ಇದ್ದ ದರ್ಜಿಯೊಬ್ಬನ ಕೈ ಮುರಿಯಿತು. ಅವನು ಹೆಬ್ಬೆಟ್ಟು ಒತ್ತಿದ. ನಾಲ್ಕನೇ ದಿನ ಬಂದ ಸೈನ್ಯ ಎರಡು ವರ್ಷವಾದರೂ ಹೋಗಿರಲಿಲ್ಲ. ಅವರು ಲಾರಿ ಹತ್ತಿಸಿಕೊಂಡು ಹೋದ ಊರ ಹುಡುಗರಲ್ಲಿ ಒಬ್ಬನೂ ತಿರುಗಿ ಬರಲಿಲ್ಲ. ದರ್ಜಿಯನ್ನಂತೂ ಎಷ್ಟು ಚೆನ್ನಾಗಿ ಕಾಯುತ್ತಿದ್ದರೆಂದರೆ, ಅವನು ಮನೆಯ ಹೊಸ್ತಿಲು ದಾಟುವ ಹಾಗಿರಲಿಲ್ಲವಂತೆ.

ಬಾಳವ್ವ ಗಿರಣಿಯ ಹಿಂದಿನ ಓಣಿಯವಳು. ಗಂಡ ಅವರ ಕಾಲದಲ್ಲಿ ಸೇತುವೆಯ ಕಾವಲುಗಾರನಾಗಿದ್ದು ಸತ್ತವನು. ಮಕ್ಕಳಿಲ್ಲ. ಮೊಣಕಾಲು ಹಿಡಿದು ಮಂಚ ಬಿಟ್ಟೇಳದಂತಾಗಿದ್ದವಳು ಆಚೆಯ ಔಷಧಿಯಿಂದ ಓಡಾಡುವಂತಾಗಿದ್ದಳು. ಅವಳ ಡಬ್ಬಿಯೂ ಅವರೇ ಕೊಟ್ಟದ್ದು, ಮೇಲೆ ಅವರ ಸೂರ್ಯನ ಮುದ್ರೆ ಇತ್ತು.

ಆ ದಿನ ಅವಳ ಡಬ್ಬಿ ಮೂರನೆಯದು. ಕಟ್ಟೆಯ ಮೇಲೆ ಕೂತವರು ಆ ಮುದ್ರೆ ನೋಡಿ ಏನೋ ಅಂದರು, ಗಿರಣಿಯವನಿಗೂ ಸೂರ್ಯನ ಬಿಸಿಲು ಬೇಕೇನೋ ಎಂದು ನನ್ನನ್ನು ಕೆಣಕಿದರು. ನನಗೆ ಅಷ್ಟೇ ಸಾಕಾಯಿತು. ಡಬ್ಬಿಯನ್ನು ಎತ್ತಿ ಸಾಲಿನ ಕೊನೆಗೆ ಇಟ್ಟೆ. ಬಾಳವ್ವ ಬಂದಳು, ನೋಡಿದಳು, ಡಬ್ಬಿಯನ್ನು ತಂದು ಮತ್ತೆ ಮೂರನೆಯ ಜಾಗದಲ್ಲಿಟ್ಟಳು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

"ಆಚೆಯವರ ಕೂಳು ತಿನ್ನಾಕಿಗೆ ಈಚೆ ದಂಡ್ಯಾಗ ಪಾಳಿ ಇಲ್ಲ," ಅಂದೆ.

ಜನ ನಕ್ಕರು. ನಾನು ಮತ್ತೆ ಡಬ್ಬಿಗೆ ಕೈ ಹಾಕಿದೆ. ಅವಳು ಬಿಡಲಿಲ್ಲ, ನಾನೂ ಬಿಡಲಿಲ್ಲ. ಎಳೆದಾಟದಲ್ಲಿ ಕೈ ಜಾರಿ ಬಿದ್ದಳು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ನಾನು ಅವಳನ್ನು ದಬ್ಬಿದೆ. ಹಣೆ ತಕ್ಕಡಿಯ ಕಬ್ಬಿಣದ ಅಂಚಿಗೆ ಬಡಿಯಿತು. ಚೆಲ್ಲಿದ ಗೋಧಿಯ ಮೇಲೆ ರಕ್ತ ಬಿದ್ದಾಗ ನಗುತ್ತಿದ್ದವರೆಲ್ಲ ಒಮ್ಮೆಲೇ ಸೇತುವೆಯ ಕಡೆ ನೋಡಿದರು.

ಸಂಜೆಯೊಳಗೆ ಸುದ್ದಿ ಹೊಳೆ ದಾಟಿತ್ತು. ಆಚೆ ದಂಡೆಯ ಧ್ವನಿವರ್ಧಕ ಅವಳ ಹೆಸರು ಹಿಡಿದು ಕೂಗಿತು: ನಮ್ಮ ಪ್ರಜೆ ಬಾಳವ್ವನವರ ಮೇಲೆ ಹಲ್ಲೆಯಾಗಿದೆ, ಅವರು ಒಬ್ಬಂಟಿಯಲ್ಲ, ನಾಡಿದ್ದು ಅಧಿಕಾರಿಗಳು ಬಂದು ಹೇಳಿಕೆ ಪಡೆಯುತ್ತಾರೆ. ಮರುದಿನ ಗಿರಣಿಯ ಕಟ್ಟೆಯ ಮೇಲೆ ಒಂದು ಡಬ್ಬಿಯೂ ಇರಲಿಲ್ಲ. ಜನ ಹರೆಯದ ಹುಡುಗರನ್ನು ಬೇರೆ ಊರಿನ ನೆಂಟರ ಮನೆಗೆ ಸಾಗಿಸುತ್ತಿದ್ದರು. ನನ್ನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಧೈರ್ಯ ಬರುತ್ತಿತ್ತೋ ಏನೋ. ಎದುರು ಸಿಕ್ಕವರು ದಾರಿ ಬಿಟ್ಟು ಸರಿದು ಹೋಗುತ್ತಿದ್ದರು.

ಊರ ಪಂಚಾಯಿತಿಯ ಹಿರಿಯ ಈರಸಂಗಪ್ಪನವರು ನನ್ನನ್ನು ಬಾಳವ್ವನ ಮನೆಗೆ ಕರೆದುಕೊಂಡು ಹೋದರು. ಹಣೆಗೆ ಅರಿಸಿನದ ಪಟ್ಟಿ ಕಟ್ಟಿಕೊಂಡು ಅವಳು ಬಾಗಿಲಲ್ಲೇ ನಿಂತಳು, ಒಳಗೆ ಕರೆಯಲಿಲ್ಲ. ನಾನೇ ಎಡವಿ ಬಿದ್ದೆ ಎಂದು ಹೇಳಿಬಿಡು, ಊರು ಉಳಿಯುತ್ತದೆ ಎಂದು ಹಿರಿಯರು ಬೇಡಿಕೊಂಡರು. ಈ ವಯಸ್ಸಿನಲ್ಲಿ ಸುಳ್ಳು ಹೇಳಲಾರೆ ಅಂದಳು. ನಾನು ಅವಳ ಕಾಲಿಗೆ ಬೀಳಲು ಬಗ್ಗಿದೆ. ಅವಳು ಹಿಂದೆ ಸರಿದಳು.

"ಬೀಳಬ್ಯಾಡ ತಮ್ಮಾ. ನಿನಗ ನನ್ನ ಹಣಿ ಚಿಂತಿ ಇಲ್ಲ, ನಿನ್ನ ಊರಿನ ಚಿಂತಿ."

"ಊರು ನಿಂದೂ ಹೌದಲ್ಲ ದೊಡ್ಡವ್ವ."

"ನಿನ್ನೆ ಗಿರಣ್ಯಾಗ ಹಂಗ ಅನಲಿಲ್ಲಲ್ಲ ನೀನು," ಎಂದು ಬಾಗಿಲು ಮುಚ್ಚಿದಳು.

ಮೂರನೆಯ ದಿನ ಅಧಿಕಾರಿ ಬಂದ. ಜೊತೆಗೆ ಒಬ್ಬ ಬರೆಯುವವನು, ಇಬ್ಬರು ಸಿಪಾಯಿಗಳು. ಸೇತುವೆಯ ಮೇಲೆ ಲಾರಿಗಳು ಸಾಲಾಗಿ ನಿಂತಿದ್ದವು, ಇಂಜಿನ್ ಆರಿಸಿರಲಿಲ್ಲ. ಆ ಸದ್ದಿಗೆ ಪಂಚಾಯಿತಿ ಕಟ್ಟಡದ ಕಿಟಕಿಯ ಗಾಜು ನಡುಗುತ್ತಿತ್ತು. ನನ್ನನ್ನು ಗೋಡೆಗೆ ನಿಲ್ಲಿಸಿದ್ದರು. ಅಧಿಕಾರಿ ಬಹಳ ಮರ್ಯಾದಸ್ಥ. ಬಾಳವ್ವನಿಗೆ ತಾನೇ ಕುರ್ಚಿ ಎಳೆದು ಕೊಟ್ಟ, ಅಮ್ಮ ಎಂದು ಕರೆದ, ಪಟ್ಟಿ ಬಿಚ್ಚಿಸಿ ಗಾಯ ನೋಡಿ ಲೊಚಗುಟ್ಟಿದ.

"ಹೆದರಬೇಡಿ ಅಮ್ಮ. ನಮ್ಮವರನ್ನು ನಾವು ಯಾವತ್ತೂ ಕೈಬಿಟ್ಟಿಲ್ಲ. ಯಾರು ಮಾಡಿದ್ದು, ತೋರಿಸಿ," ಅಂದ.

ಬಾಳವ್ವ ಬೆರಳೆತ್ತಿ ನನ್ನನ್ನು ತೋರಿಸಿದಳು. "ಇಂವ. ದಬ್ಬಿದ. ಹತ್ತು ಮಂದಿ ನೋಡ್ಯಾರ."

ಈರಸಂಗಪ್ಪನವರು ಕಣ್ಣು ಮುಚ್ಚಿಕೊಂಡದ್ದು ಕಾಣಿಸಿತು. ಬರೆಯುವವನು ಸರಸರ ಬರೆದು ಮುಗಿಸಿ, ಶಾಯಿಯ ಡಬ್ಬಿಯ ಮುಚ್ಚಳ ತೆಗೆದು, ಚೀಟಿಯ ಸಂಖ್ಯೆ ಬೇಕೆಂದು ಕೇಳಿದ. ಅವಳು ಸೊಂಟದ ಸಂಚಿಯಿಂದ ಚೀಟಿ ತೆಗೆದು ಮೇಜಿನ ಮೇಲಿಟ್ಟಳು. ಅವನು ಸಂಖ್ಯೆ ಬರೆದುಕೊಂಡು ಚೀಟಿಯನ್ನು ಹಿಂದಕ್ಕೆ ನೂಕಿದ. ಅವಳು ಅದನ್ನು ಮತ್ತೆ ಅವನ ಕಡೆಗೆ ಸರಿಸಿದಳು.

"ಇದನ್ನ ನೀವ ಇಟ್ಕೊಳ್ರಿ. ಇಂವ ದಬ್ಬಿದ್ದು ಖರೆ. ಅದನ್ನ ಇಂವನ ಕೂಡ ನಾನು ನೋಡ್ಕೋತೀನಿ. ಅದಕ್ಕ ನಿಮ್ಮ ಲಾರಿ ಬ್ಯಾಡ."

ಅಧಿಕಾರಿಯ ದನಿ ಏರಲಿಲ್ಲ. ಯೋಚಿಸಿ ಮಾತಾಡಿ ಎಂದ. ಚೀಟಿ ಒಮ್ಮೆ ಬಿಟ್ಟರೆ ಮತ್ತೆ ಸಿಗುವುದಿಲ್ಲ, ಗೋಧಿ ನಿಲ್ಲುತ್ತದೆ, ಔಷಧಿ ನಿಲ್ಲುತ್ತದೆ, ಮೊಣಕಾಲು ಮತ್ತೆ ಹಿಡಿದುಕೊಂಡರೆ ಈ ಊರಿನಲ್ಲಿ ಯಾರು ನೋಡುತ್ತಾರೆ ಎಂದು ಕೇಳಿದ. ಕೇಳುತ್ತಲೇ ಶಾಯಿಯ ಡಬ್ಬಿಯನ್ನು ಅವಳ ಮುಂದಕ್ಕೆ ಸರಿಸಿದ. ಬಾಳವ್ವ ಸ್ವಲ್ಪ ಹೊತ್ತು ತನ್ನ ಕಾಲುಗಳನ್ನೇ ನೋಡುತ್ತ ಕೂತಳು. ಯೋಚಿಸುತ್ತಿದ್ದಾಳೆ, ನಿಜವಾಗಿಯೂ ಯೋಚಿಸುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಆಮೇಲೆ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಚಿ ಕೈಯನ್ನು ಸೆರಗಿನಡಿ ಇಟ್ಟುಕೊಂಡಳು.

"ಕಾಲು ನನ್ನವು," ಅಂದಳು.

ಅಧಿಕಾರಿ ಗಡಿಯಾರ ನೋಡುತ್ತ ಬಹಳ ಹೊತ್ತು ಕಾದ. ಕೊನೆಗೆ ಚೀಟಿಯನ್ನು ಜೇಬಿಗೆ ಹಾಕಿಕೊಂಡು ಎದ್ದ. ಲಾರಿಗಳು ಸೇತುವೆಯ ಮೇಲೆ ಹಿಂದಕ್ಕೆ ಹೊರಳಿದ ಮೇಲೂ ನಮಗೆ ನಂಬಿಕೆ ಬರಲಿಲ್ಲ. ಮಧ್ಯಾಹ್ನದವರೆಗೂ ಊರೆಲ್ಲ ಹೊಳೆಯ ಕಡೆಗೇ ಮುಖ ಮಾಡಿ ನಿಂತಿತ್ತು.

ನಾನು ಓಣಿಯಲ್ಲಿ ಅವಳನ್ನು ಹಿಂಬಾಲಿಸಿ ಹೋಗಿ, ತಪ್ಪಾಯಿತು ದೊಡ್ಡವ್ವ, ಮನ್ನಿಸು ಎಂದೆ. ಅವಳು ಗೋಡೆ ಹಿಡಿದು ನಿಂತು ತಿರುಗಿ ನೋಡಿದಳು.

"ಅವರ ಕೈಗೆ ಕೊಡಲಿಲ್ಲ ಅಂದ್ರ ನಿನ್ನ ಮನ್ನಿಸಿದೆ ಅಂತ ತಿಳೀಬ್ಯಾಡ."

ಆಮೇಲೆ ಅವಳು ಗಿರಣಿಗೆ ಕಾಲಿಡಲಿಲ್ಲ. ಹೆಂಡತಿಯ ಕೈಯಲ್ಲಿ ಹಿಟ್ಟು ಕಳಿಸಿದೆ, ಕಟ್ಟಿದ ಗಂಟು ಬಿಚ್ಚದೆ ತಿರುಗಿ ಬಂತು. ಮಳೆಗಾಲದ ಹೊತ್ತಿಗೆ ಅವಳ ಮೊಣಕಾಲು ಮಡಚುವುದು ನಿಂತಿತು. ಬೆಳಿಗ್ಗೆ ನಾನು ಗಿರಣಿ ಹಚ್ಚಲು ಹೋದಾಗ ಹಿಂದಿನ ಓಣಿಯಿಂದ ಬೀಸುಕಲ್ಲಿನ ಸದ್ದು ಕೇಳಿಸುತ್ತಿತ್ತು. ಒಂದು ಸುತ್ತು, ಆಮೇಲೆ ಸುಧಾರಿಸಿಕೊಳ್ಳುವಷ್ಟು ಹೊತ್ತು, ಮತ್ತೆ ಒಂದು ಸುತ್ತು. ಎರಡೂ ಕಾಲು ನೀಡಿಕೊಂಡು ಕೂತು ಬೀಸುತ್ತಾಳೆಂದು ಹೆಂಡತಿ ಹೇಳಿದ್ದಳು. ಮುಷ್ಟಿ ಜೋಳ ಹಿಟ್ಟಾಗಲು ಬಹಳ ಹೊತ್ತು ಬೇಕು. ಹೊರಗೆ ಜನ ಗೊಣಗುತ್ತಿದ್ದರೂ, ಆ ಕಲ್ಲು ನಿಲ್ಲುವವರೆಗೆ ನಾನು ಇಂಜಿನ್ನಿನ ಹಿಡಿಕೆಯ ಮೇಲೆ ಕೈಯಿಟ್ಟುಕೊಂಡು ನಿಂತಿರುತ್ತಿದ್ದೆ.