ಗೋಡೆಗೂ ಕಪಾಟಿಗೂ ನಡುವಿನ ಸಂದು

ಅಣ್ಣನ ಗ್ಯಾರೇಜಿಗೆ ಕಾಲಿಟ್ಟ ಕೂಡಲೇ ಅವಳ ಕಣ್ಣು ಹೋದದ್ದು ಅಣ್ಣನ ಮೇಲಲ್ಲ, ಗೋಡೆಗೆ ತಾನೇ ಮಾಡಿ ತೂಗುಹಾಕಿದ್ದ ಕಪಾಟಿನ ಮೇಲೆ. ಮರಗೆಲಸದವರ ಬುದ್ಧಿಯೇ ಅಷ್ಟು, ತಮ್ಮ ಕೆಲಸ ಮೊದಲು, ಒಡಹುಟ್ಟಿದವರು ಆಮೇಲೆ. ಕಪಾಟಿನ ಬಾಗಿಲು ತೆರೆದಿತ್ತು. ಮುಚ್ಚಿದಳು. ಕೈ ತೆಗೆದದ್ದೇ ತಡ, ಅದು ನಿಧಾನಕ್ಕೆ ಮತ್ತೆ ತೆರೆದುಕೊಂಡಿತು.

ಬಾಗಿಲು ತಾನಾಗಿ ತೆರೆಯಬೇಕಾದರೆ ಕಪಾಟು ಮುಂದಕ್ಕೆ ವಾಲಿರಬೇಕು. ಪಕ್ಕದಿಂದ ಇಣುಕಿದಳು. ಆ ಊರಿನ ಗಾಳಿಯೋ, ಹಿಂಡಿದರೆ ನೀರು ಬರುವಂಥದ್ದು. ಅದಕ್ಕೇ ಅವಳು ಕಪಾಟಿನ ಬೆನ್ನಿಗೂ ಗೋಡೆಗೂ ನಡುವೆ ಎರಡು ಬೆರಳು ಸಂದು ಬಿಟ್ಟು, ಗೋಡೆಗೆ ಬಿಗಿದ ಮರದ ಪಟ್ಟಿಯ ಮೇಲೆ ಅದನ್ನು ತೂಗುಹಾಕಿದ್ದಳು. ಗಾಳಿ ಆಡಬೇಕು, ಮರ ಒಣಗಬೇಕು. ಈಗ ಆ ಸಂದೇ ಇರಲಿಲ್ಲ. ಯಾರೋ ಸುತ್ತಲೂ ಸಿಮೆಂಟು ಮೆತ್ತಿ, ನೀಟಾಗಿ ಬಣ್ಣ ಬೇರೆ ಬಳಿದಿದ್ದರು. ಆ ಸಿಮೆಂಟು ಮೇಲ್ಗಡೆ ಬಿರುಕುಬಿಟ್ಟು, ಒಳಗಿನ ಪಟ್ಟಿ ಕಪ್ಪಗೆ ಕೊಳೆತು ಕಾಣುತ್ತಿತ್ತು.

ಅಣ್ಣ ಮಲಗಿದ್ದದ್ದು ಅದರ ಕೆಳಗೇ. ತಲೆ, ಎದೆ ಕಾರಿನಡಿ. ಹೊಟ್ಟೆಯಿಂದ ಕೆಳಗೆಲ್ಲ ಈಚೆ. ತುಕ್ಕು ಹಿಡಿದ ನಟ್ಟೊಂದರ ಜೊತೆ ಜಿದ್ದಿಗೆ ಬಿದ್ದು ಸುತ್ತಿಗೆಯಿಂದ ಹೊಡೆಯುತ್ತಿದ್ದ. ಒಂದೊಂದು ಏಟಿಗೂ ಗೋಡೆ ಅದುರಿ ಕಪಾಟು ನಡುಗುತ್ತಿತ್ತು. ಅದರೊಳಗೆ ಒಬ್ಬ ಮೆಕ್ಯಾನಿಕ್ಕಿನ ಜೀವಮಾನದ ಕಬ್ಬಿಣವಿತ್ತು.

ಅವಳು ಅವನ ಕಾಲುಗಳ ಆಚೀಚೆ ಪಾದವೂರಿ ಕಪಾಟಿಗೆ ಹೆಗಲು ಕೊಟ್ಟಳು. ಭಾರ ಸುಮ್ಮನೆ ಬಂದು ಅವಳ ಮೇಲೆ ಕೂತಿತು.

"ಅಣ್ಣಾ, ಆ ಕಡೆಯಿಂದ ಹೊರಗೆ ಬಾ."

ಇದೊಂದು ಬಿಚ್ಚಿ ಬರುತ್ತೇನೆಂದು ಅವನು ಗೊಣಗಿದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯ. ಬಾ ಎಂದರೆ ಬರುವವನಲ್ಲ, ಬಂದರೂ ಅಭ್ಯಾಸದಂತೆ ಈ ಕಡೆಯಿಂದಲೇ, ತಲೆಯನ್ನು ಕಪಾಟಿನ ಕೆಳಕ್ಕೇ ತರುವವನು.

"ಕಪಾಟು ಬೀಳ್ತಿದೆ. ನಾನು ಹಿಡ್ಕೊಂಡಿದೀನಿ. ಈ ಕಡೆ ಬರಬೇಡ."

ಸುತ್ತಿಗೆಯ ಸದ್ದು ನಿಂತಿತು. ಅವನ ಕಾಲುಗಳು ಇಷ್ಟಿಷ್ಟೇ ಕಾರಿನಡಿಗೆ ಸರಿದವು. ಅವಳ ಕುತ್ತಿಗೆಯ ಮೇಲೆ ಸಿಮೆಂಟಿನ ಪುಡಿ ಉದುರಿತು. ಒಳಗಿಂದ ದೊಡ್ಡ ಸ್ಪ್ಯಾನರೊಂದು ಜಾರಿ, ಈಗಷ್ಟೇ ಅವನ ಹೊಟ್ಟೆಯಿದ್ದ ಜಾಗಕ್ಕೆ ಬಿತ್ತು. ಆ ಸದ್ದಿಗೆ ಅವಳು ಕಣ್ಣು ಮುಚ್ಚಿಕೊಂಡಳು.

ತೆರೆದಾಗ ಅಣ್ಣ ಪಕ್ಕದಲ್ಲಿದ್ದ. ಮೂಲೆಯ ಜಾಕನ್ನು ಎಳೆತಂದು, ಅದರ ಮೇಲೆ ಮರದ ದಿಮ್ಮಿ ನಿಲ್ಲಿಸಿ, ಕಾರನ್ನೆತ್ತುವ ಹಾಗೆಯೇ ಕಪಾಟನ್ನೆತ್ತಿದ. ಅವಳ ಹೆಗಲು ಹಗುರಾಯಿತು. ಇಬ್ಬರೂ ಸೇರಿ ಸಾಮಾನನ್ನೆಲ್ಲ ಇಳಿಸಿ, ಖಾಲಿ ಕಪಾಟನ್ನು ನೆಲಕ್ಕಿಟ್ಟರು. ಪಟ್ಟಿ ಕೈಯಲ್ಲಿ ಹಿಂಡಿದರೆ ಪುಡಿಯಾಗುತ್ತಿತ್ತು. ಆಗ ಅವಳಿಗೆ ಕೋಪ ನೆತ್ತಿಗೇರಿತು.

ಸಿಮೆಂಟು ತುಂಬಿದ ಮಹಾನುಭಾವ ಯಾರೆಂದು ಕೇಳಿದಳು. ಅಣ್ಣ ಕೈಯ ಗ್ರೀಸು ಒರೆಸುತ್ತ, ತಾನೇ ಎಂದ. ಬಂದ ಗಿರಾಕಿಗಳೆಲ್ಲ ಸಂದು ನೋಡಿ ನಗುತ್ತಿದ್ದರಂತೆ, ತಂಗಿ ಅಳತೆ ತಪ್ಪಿದ್ದಾಳೆ, ಹೆಂಗಸಿಗ್ಯಾಕೆ ಈ ಉಸಾಬರಿ ಎಂದು. ಆಡಿಕೊಳ್ಳುವವರ ಬಾಯಿ ಮುಚ್ಚಿಸಲಾಗದೆ ಸಂದು ಮುಚ್ಚಿದ್ದನಂತೆ.

"ಅದು ತಪ್ಪಲ್ಲ, ಬೇಕಂತಲೇ ಬಿಟ್ಟಿದ್ದು. ನನ್ನನ್ನ ಒಂದು ಮಾತು ಕೇಳೋಕೇನಾಗಿತ್ತು?"

"ನಿನ್ನ ಕೆಲಸ ತಪ್ಪು ಅಂತ ನಿನಗೇ ಹೇಗೆ ಹೇಳ್ಲಿ?"

ಯಾಕೆ ಬಿಟ್ಟೆನೆಂದು ತಾನೂ ಹೇಳಿರಲಿಲ್ಲವಲ್ಲ ಎಂದು ಅವಳಿಗೆ ಆಗ ಹೊಳೆಯಿತು. ಕೈಗಂಟಿದ್ದ ಪಟ್ಟಿಯ ಪುಡಿಯನ್ನು ಕೊಡವಿದಳು.

"ಅಳತೆ ತಪ್ಪಿದೆ ಅಂತ ನೀನೂ ನಂಬಿದ್ದೆ. ಮತ್ತೆ ದಿನಾ ಅದರ ಕೆಳಗೆ ಹೇಗೆ ಮಲಗ್ತಿದ್ದೆ?"

ಅಣ್ಣನಿಗೆ ಆ ಪ್ರಶ್ನೆಯೇ ಅರ್ಥವಾದಂತೆ ಕಾಣಲಿಲ್ಲ.

"ನೀನು ಮಾಡಿದ್ದಲ್ವಾ," ಎಂದ.